ನೇರಳೆ ಕಬ್ಬಿಣ

ಹಂದಿಯ ಮೈ ಕೆಂಪಗೆ ಮಿರುಗಿದರೆ
ಕೇಜಿಗೆ ಎರಡು ಯುವಾನ್ ಜಾಸ್ತಿ.
ಅಪ್ಪನಿಗೆ ಗೊತ್ತಿದ್ದ ರಸಾಯನಶಾಸ್ತ್ರ ಅಷ್ಟೇ.
ಚೀಲದ ಮೇಲೆ ನಗುವ ಹಂದಿಯ ಚಿತ್ರ,
ಒಳಗೆ ತೌಡು, ಜೋಳದ ನುಚ್ಚು, ಮತ್ತೊಂದು ಚಿಟಿಕೆ
ಬಿಳಿ ಪುಡಿ. ಅದರ ಹೆಸರು ಅವನು ಓದಲಿಲ್ಲ,
ಓದಿದ್ದರೂ ನಾಲಿಗೆ ಹೊರಳುತ್ತಿರಲಿಲ್ಲ.

ಪುಡಿ ಹಂದಿಯಲ್ಲಿ ನಿಲ್ಲಲಿಲ್ಲ.
ತಿಂದಷ್ಟೂ ಹೊರಬಿದ್ದು, ಕೊಚ್ಚೆಯ ಜೊತೆ
ಕೊಳಕ್ಕಿಳಿಯಿತು, ಕೊಳದಿಂದ
ತಾವರೆಗೆಡ್ಡೆ ಬೆಳೆಯುವ ಕೆಸರಿಗೆ,
ಕೆಸರಿನಡಿಯಿಂದ ಸದ್ದಿಲ್ಲದೆ
ಕರ್ಪೂರದ ಮರದ ಆಚೆಯ ಲೈ ಅಜ್ಜಿಯ ಬಾವಿಗೆ.

ನಾನು ಔಯಾಂಗ್ ಸುಮೆಯ್. ಗಾನ್ ನದಿಯ ದಂಡೆಯ
ಈ ನೀರಿನ ಪ್ರಯೋಗಾಲಯದಲ್ಲಿ ಮೂರನೇ ಮೇಜಿನವಳು.
ಎದುರಿಗೆ ಅದೇ ಬಾವಿ, ಬಾಟಲಿ ನಂಬರು ನಲವತ್ತೊಂದು.
ಬಣ್ಣವಿಲ್ಲ, ನಾತವಿಲ್ಲ.
ತುಂಬಿಕೊಡುವಾಗ ಅಜ್ಜಿ ಅಂದಿದ್ದಳು:
"ಇಷ್ಟು ತಿಳಿಯಾದದ್ದು ಹೇಗೆ ಸುಳ್ಳಾಡುತ್ತೆ?"
ಅವಳ ಅಂಗೈ ತುಂಬ ಜೋಳದ ಕಾಳಿನಂಥ ಗಂಟು.

ಒಳಗಿರುವುದು ಪಾಷಾಣವೇ. ಆದರೆ ಬರಿಮೈಯದಲ್ಲ,
ಆರು ಇಂಗಾಲದ ಉಂಗುರದ ಕೈಹಿಡಿದು ಬಂದದ್ದು,
ಮದುವೆಮನೆಗೆ ನುಗ್ಗಿದ ಯಾರೋ ಒಬ್ಬನ ಹಾಗೆ:
ಗಂಡಿನವರು ಹೆಣ್ಣಿನ ಕಡೆಯವನೆಂದುಕೊಂಡರು,
ಹೆಣ್ಣಿನವರು ಗಂಡಿನ ಕಡೆಯವನೆಂದು.
ತುಕ್ಕು ಹಿಡಿಯಹೋದರೆ ನುಣುಚುತ್ತದೆ.
ಮರಳು ಸೋಸಿದರೆ, ಸೋಸಿದ್ದು ಮರಳಿಗೇ ಗೊತ್ತಾಗುವುದಿಲ್ಲ.

ಅದಕ್ಕೇ ಫೆರೇಟ್.
ಡಬ್ಬಿಯಲ್ಲಿ ಕಾಡಿಗೆ ಕಪ್ಪು,
ನೀರಿಗೆ ಬಿದ್ದೊಡನೆ ನೇರಳೆ ಹಣ್ಣು ಹಿಚುಕಿದಂತೆ.
ಇದೂ ಕಬ್ಬಿಣವೇ, ಗುದ್ದಲಿಯ ಕಬ್ಬಿಣವಲ್ಲ,
ಹಸಿದದ್ದು. ತನ್ನದಲ್ಲದ ಒಂದು ಎಲೆಕ್ಟ್ರಾನಿಗೆ
ಯಾರ ಮನೆ ಬಾಗಿಲನ್ನಾದರೂ ಒದೆಯುವಂಥದ್ದು.
ಒದೆಯುತ್ತದೆ. ಇಂಗಾಲ ಪಾಷಾಣದ ಕೈ ಬಿಡುತ್ತದೆ.

ಈಗ ಹೇಳಬೇಕಾದ್ದು ಹೇಳುತ್ತೇನೆ.
ವರದಿಯಲ್ಲಿ ಇದಕ್ಕೆ ಅರ್ಧ ಸಾಲು:
ಈ ಗಳಿಗೆಯಲ್ಲಿ ನೀರು ಮೊದಲಿಗಿಂತ ವಿಷ.
ಆಸರೆ ಕಳಚಿದ ಪಾಷಾಣ ಬತ್ತಲೆ ನಿಂತಿದೆ ಲೋಟದಲ್ಲಿ.
ಯಾರಾದರೂ ಇಲ್ಲೇ ಕೈ ತೊಳೆದುಕೊಂಡು
ಊಟಕ್ಕೆ ಎದ್ದು ಹೋದರೆ
ಮಾಡಿದ್ದಕ್ಕಿಂತ ಮಾಡದೆ ಇದ್ದದ್ದೇ ವಾಸಿ.

ಆ ರಾತ್ರಿಯೂ ಹೀಗೇ ಇತ್ತು.
ಅಕ್ಕಿ ಶ್ಯಾವಿಗೆಯ ಬಟ್ಟಲು ಆರುತ್ತಿತ್ತು. ನಾನು ಹೇಳಿಬಿಟ್ಟೆ:
ಅಪ್ಪ, ಅಜ್ಜಿಯ ಬಾವಿಯಲ್ಲಿರುವುದು ನಮ್ಮ ಚೀಲದ್ದು.
ಅಮ್ಮ ದೀಪ ಸಣ್ಣ ಮಾಡಿದಳು, ಯಾಕೋ.
ಮೂರು ದಿನ ಅವನು ನಮ್ಮ ಜೊತೆ ಉಣ್ಣಲಿಲ್ಲ.
ನಾಲ್ಕನೆಯ ಬೆಳಿಗ್ಗೆ ಅಡ್ಡೆ ಹೊತ್ತು ಹೊರಟ,
ಪಟ್ಟಣದ ನಲ್ಲಿಯ ನೀರು, ಎರಡು ಬಕೆಟ್ಟು.
ಅಜ್ಜಿ ಬಾಗಿಲು ತೆರೆಯಲಿಲ್ಲ.
ಅವನು ಬೆನ್ನು ತಿರುಗಿಸಿದ ಮೇಲೆ ಬಕೆಟ್ಟು ಒಳಗೆ ಹೋದವು.
ಹನ್ನೊಂದು ತಿಂಗಳಾಯಿತು. ಇಂದಿಗೂ ಅಷ್ಟೇ,
ಬಕೆಟ್ಟು ಒಳಗೆ, ಮಾತು ಹೊರಗೆ.

ಲೋಟಕ್ಕೆ ಬರುತ್ತೇನೆ.
ನೇರಳೆ ಮಾಸುತ್ತಿದೆ. ಮೊದಲು ಒಗೆದ ಸೀರೆಯ ಬಣ್ಣ,
ಆಮೇಲೆ ಚಹಾದ ಕೊನೆಯ ಗುಟುಕು.
ಹಸಿವು ಇಂಗಿದ ಕಬ್ಬಿಣ ಮುದಿಯಾಗಿ, ತುಕ್ಕಾಗಿ,
ಹಿಂಜಿದ ಹತ್ತಿಯಂತೆ ತೇಲುತ್ತ, ಇಳಿಯುತ್ತ
ಇಳಿಯುವಾಗ ಒಂದೊಂದೇ ಪಾಷಾಣವನ್ನು
ಮಡಿಲಿಗೆ ಎತ್ತಿಕೊಳ್ಳುತ್ತದೆ. ಮುರಿದದ್ದೂ ಅದೇ,
ಕೂರಿಸಿಕೊಂಡದ್ದೂ ಅದೇ.

ಒಂದು ಸಲ ಅಪ್ಪನನ್ನು ಕರೆತಂದು ತೋರಿಸಿದೆ.
ಟೋಪಿ ಕೈಯಲ್ಲಿ ಹಿಡಿದು ಬಗ್ಗಿ ನೋಡಿದ,
ಲೋಟದ ತಳದಲ್ಲಿ ಬೆರಳುಗುರಿನಷ್ಟು ಕೆಸರು,
ನಮ್ಮ ಗುಡ್ಡದ ಮಣ್ಣಿನದೇ ಕೆಂಪು.
"ಹೋಯಿತಾ?" ಅಂದ.
ಹೋಗುವುದಿಲ್ಲ ಅಪ್ಪ, ಎಲ್ಲಿಗೂ. ಕೂತಿದೆ.
ಇನ್ನು ಇದನ್ನು ಯಾರಾದರೂ ಕಾಯಬೇಕು.

ಅವನು ಸುಮಾರು ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ ಬಾಟಲಿಯ ಮುಚ್ಚಳ ಹುಡುಕಿ, ತಿರುಗಿಸಿ,
ಬಿಗಿಯಾಯಿತೇ ಎಂದು
ಮತ್ತೊಮ್ಮೆ ತಿರುಗಿಸಿದ.