ಮಣ್ಣಿನ ಹದ

ಟೊಲೀಡೊ ಊರಿನ ಈ ಬೇಸ್‌ಬಾಲ್ ಬಯಲಿಗೆ
ಮೂವತ್ತೊಂದು ವರ್ಷದಿಂದ ನಾನೇ ಹೊಣೆ.
ನಸುಕಿಗೇ ಬಂದು ಕುಂಟೆ ಎಳೆಯುವುದು,
ಪೈಪು ಹಿಡಿದು ನೀರು ಚಿಮುಕಿಸುವುದು,
ಸುಣ್ಣದ ಗಾಡಿ ತಳ್ಳಿ ಬಿಳಿ ಗೆರೆ ಬಿಡುವುದು.
ಕೆಂಪು ಜೇಡಿ. ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು,
ಬೆರಳು ಸಡಿಲಿಸಿದರೆ ಉದುರಬೇಕು.
ಅದು ಹದ.
ಜಾರಿ ಬೀಳುವ ಹುಡುಗನ ತೊಡೆ ತರಚಬಾರದು,
ಪುಟಿದ ಚೆಂಡು ಯಾರ ಹಲ್ಲೂ ಉದುರಿಸಬಾರದು.
ಮೇಯರ್ ಬಂದರೂ ಅಷ್ಟೆ,
ಆಟಕ್ಕೆ ಮುಂಚೆ ಒಳಗೆ ಕಾಲಿಟ್ಟರೆ
ಗದರಿಸಿ ಕಳಿಸುತ್ತಿದ್ದೆ.

ಒಂದು ಜೂನ್ ಶನಿವಾರ
ಮರಿಸೆಲಾ ಬಂದಳು. ಒಂಬತ್ತು ವರ್ಷ,
ಅಣ್ಣನ ಟೋಪಿ, ಅಣ್ಣನ ಕೈಗವಸು,
ನೇರಳೆ ಬಣ್ಣದ ಗಾಲಿಕುರ್ಚಿ.
ಕಂಬದ ಮೇಲಿಟ್ಟ ಚೆಂಡಿಗೆ ಬೀಸಿ ಹೊಡೆದಳು.
ಚೆಂಡು ಹುಲ್ಲು ಸೇರಿತು.
ಓಡು, ಓಡು ಎಂದರು ಎಲ್ಲ, ಬಾಯಿತಪ್ಪಿ.
ಅವಳು ಓಡಿದಳು.
ಎರಡೂ ಕೈಯಿಂದ ಗಾಲಿ ತಿರುವಿ, ಹನ್ನೆರಡು ಅಡಿ.
ಅಲ್ಲಿ ಮುಂದಿನ ಪುಟ್ಟ ಗಾಲಿ ಮಣ್ಣಿನಲ್ಲಿ ಹೂತಿತು.
ನನ್ನ ಮಣ್ಣಿನಲ್ಲಿ. ಅಂದು ಬೆಳಿಗ್ಗೆ
ಯಾವತ್ತಿಗಿಂತ ಚೆನ್ನಾಗಿ ಹದ ಬಂದಿದ್ದ ಮಣ್ಣಿನಲ್ಲಿ.

ಅವರಪ್ಪ ಕುರ್ಚಿ ಸಮೇತ ಎತ್ತಿಕೊಂಡು ಹೋಗಿ
ಮೊದಲ ಬೇಸು ಮುಟ್ಟಿಸಿದ.
ಜನ ಚಪ್ಪಾಳೆ ತಟ್ಟಿದರು.
ಅವಳು ಟೋಪಿಯನ್ನು ಮೂಗಿನವರೆಗೂ ಎಳೆದುಕೊಂಡಳು.
ಸಂಜೆ ಆ ಗಾಲಿಗುರುತು ಅಳಿಸುವುದು ನನ್ನ ಕೆಲಸ.
ಕುಂಟೆ ಎಳೆದೆ. ಬೇಲಿಯವರೆಗೆ ಹೋಗಿ
ತಿರುಗಿ ಬಂದು ಮತ್ತೊಮ್ಮೆ ಎಳೆದೆ.

ಎರಡು ವರ್ಷ ಸಭೆ, ಚಂದಾ, ಕೇಕು ಮಾರಾಟ.
ಕೊನೆಗೆ ಲಾರಿ ಬಂತು. ಜೇಡಿ ಬಗೆದು ತೆಗೆದರು,
ಪಿಚರನ ದಿಬ್ಬವನ್ನೂ ಸಪಾಟು ಮಾಡಿದರು,
ಮೇಲೆ ರಬ್ಬರು ಹಾಸಿದರು.
ಬೇಸುಗಳು ಈಗ ಬರೀ ಬಣ್ಣ, ಎಡವಲು ಏನೂ ಇಲ್ಲ.
ಆಗಲಿ ಎಂದು ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ.
ಆದರೂ ಲಾರಿ ಹೊರಟಾಗ ಶೆಡ್ಡಿನ ಹಿಂದೆ ನಿಂತಿದ್ದೆ,
ಯಾಕೆಂದು ಕೇಳಬೇಡಿ.
ಒಂದು ಬಕೆಟ್ ಮಣ್ಣು ಎತ್ತಿಟ್ಟುಕೊಂಡೆ. ಅದನ್ನೂ ಕೇಳಬೇಡಿ.

ರಬ್ಬರಿಗೇನು ಹದ ಅಂದುಕೊಂಡಿದ್ದೆ.
ಜುಲೈಯಲ್ಲಿ ಅದು ಕಾದ ಕಾವಲಿ.
ತೆವಳಿ ಬೇಸು ಮುಟ್ಟುವ ಓರಿನ್‌ನ ಅಂಗೈಯಲ್ಲಿ ಬೊಬ್ಬೆ ಎದ್ದಿತು.
ಮತ್ತೆ ಪೈಪು ಹಿಡಿದೆ.
ಆಟಕ್ಕೆ ಅರ್ಧ ಗಂಟೆ ಮುಂಚೆ ನೀರು,
ಆಮೇಲೆ ಬಗ್ಗಿ ನನ್ನ ಅಂಗೈ ಊರಿ
ಹತ್ತು ಎಣಿಸುವುದು.

ಥಡ್ಡಿಯಸ್‌ಗೆ ಕಣ್ಣು ಕಾಣದು. ಅವನಿಗಾಗಿ ಚೆಂಡು ಕೀಂ ಕೀಂ ಎನ್ನುತ್ತದೆ.
ಅವನು ಹಿಡಿಯಲು ನಿಂತರೆ
ಗಲಾಟೆಗೇ ಹೆಸರಾದ ನಮ್ಮೂರ ಜನ
ಚಿಪ್ಸಿನ ಪೊಟ್ಟಣವನ್ನೂ ಅಲ್ಲಾಡಿಸುವುದಿಲ್ಲ.
ಒಮ್ಮೆ ಐಸ್‌ಕ್ರೀಮಿನ ವ್ಯಾನು ಹಿಂದೆ ಸರಿಯುತ್ತ ಕೀಂ ಕೀಂ ಎಂದಿತು.
ಅವನು ಅತ್ತಲೇ ಓಡಿ, ಬೇಲಿಯಾಚೆ ಕೈ ಚಾಚಿ,
ತಡವಿ ನೋಡಿ ಕೇಳಿದ:
ಇಷ್ಟು ದೊಡ್ಡ ಚೆಂಡು ಹೊಡೆದವರು ಯಾರು?

ಮರಿಸೆಲಾ ಈಗ ನಾಲ್ಕೂ ಬೇಸು ಸುತ್ತುತ್ತಾಳೆ,
ತಿರುವಿನಲ್ಲಿ ಗಾಲಿ ಕಿರ್ರೆನ್ನುತ್ತದೆ.
ಮೊನ್ನೆ ಶೆಡ್ಡಿನ ಬಾಗಿಲಿಗೇ ಬಂದಳು, ದೂರು ಹೊತ್ತು.
ಅಣ್ಣ ಆಡಿ ಬಂದರೆ ಪ್ಯಾಂಟೆಲ್ಲ ಮಣ್ಣು,
ಅಮ್ಮ ಬೈಯುತ್ತಾಳೆ. ನನ್ನದು ನೋಡು,
ಹಾಕಿದ ಹಾಗೇ ಬಿಚ್ಚುತ್ತೇನೆ.
ಆಡಿದೆ ಅಂದರೆ ಯಾರು ನಂಬುತ್ತಾರೆ?

ಬಕೆಟ್ಟಿನ ಮಣ್ಣು ಕಲ್ಲಾಗಿತ್ತು.
ಪುಡಿ ಮಾಡಿ, ನೀರು ಚಿಮುಕಿಸಿ ಹಿಸುಕಿದೆ, ಉಂಡೆಯಾಯಿತು.
ಸಡಿಲಿಸಿದೆ, ಉದುರಿತು.
ಈಗ ತಗೋ, ಅಂದೆ.
ಎರಡೂ ಮೊಣಕಾಲಿಗೆ ಬಳಿದುಕೊಂಡಳು.
ಎಡಕ್ಕೆ ತುಸು ಹೆಚ್ಚು,
ಅಣ್ಣ ಎಡಮಗ್ಗುಲಿಗೇ ಜಾರುವುದಂತೆ.

ಭಾನುವಾರ ಅವರಮ್ಮನ ಫೋನು:
ಎರಡು ಸಲ ಒಗೆದರೂ ಕಲೆ ಹೋಗುತ್ತಿಲ್ಲ, ಎಂಥ ಮಣ್ಣಿದು?
ಒಳ್ಳೇ ಜೇಡಿ, ಅಂದೆ. ಬೇಗ ಬಿಡುವುದಿಲ್ಲ.
ಬಕೆಟ್ಟಿನಲ್ಲಿ ಇನ್ನೂ ಅರ್ಧವಿದೆ.
ಮುಂದಿನ ಶನಿವಾರಕ್ಕೆ ಓರಿನ್ ಹೇಳಿಟ್ಟಿದ್ದಾನೆ.