ಮೇಲಿನಂತೆ

ವಿರಾಜಪೇಟೆಯಲ್ಲಿ ನನ್ನನ್ನು ಹೊಸದಾಗಿ ನೋಡಿದವರು
ಮೊದಲು ಗಡಿಯಾರ ನೋಡುತ್ತಾರೆ, ಆಮೇಲೆ ಕ್ಯಾಲೆಂಡರು.
ಎಲ್ಲೈಸಿ ಕಚೇರಿ, ಮೂರನೇ ಕೌಂಟರು:
ಚುಕ್ಕಿ ಚುಕ್ಕಿ ವಾಯಿಲ್ ಸೀರೆ, ಪಫ್ ತೋಳಿನ ರವಿಕೆ,
ಕಿವಿ ಮುಚ್ಚುವಂತೆ ಸುತ್ತಿ ಕಟ್ಟಿದ ಜಡೆ.
"ಇವತ್ತು ಯಾವ ನಾಟಕ, ಮೇಡಂ?"
ಅನ್ನುತ್ತಲೇ ಕಂತು ಕಟ್ಟುತ್ತಾರೆ.
ರಸೀದಿ ಹರಿದು ಕೊಡುತ್ತೇನೆ.
ನಾಟಕವಲ್ಲ, ಮಂಗಳವಾರ.

ಬೇಕರಿಯ ಮೇಲಿನ ಎರಡು ಕೋಣೆ ನನ್ನದು, ಬಾಡಿಗೆಗೆ.
ನಸುಕಿನಲ್ಲಿ ಬ್ರೆಡ್ಡಿನ ಬಿಸಿ ನೆಲದೊಳಗಿಂದ ಏರಿ
ಸೀರೆಗಳ ತೇವ ಹೀರುತ್ತದೆ.
ಅದಕ್ಕೇ ಈ ಮನೆ ಹಿಡಿದದ್ದು. ಓನರಿಗೆ ಹೇಳಿಲ್ಲ.
ಕಕ್ಕಡದಲ್ಲಿ ಊರಿನ ಬೆಲ್ಟು, ಚೀಲ, ಮದುವೆಯ ಕೋಟು
ಎಲ್ಲಕ್ಕೂ ಬೂಷ್ಟು ಹಿಡಿಯುವಾಗ
ನನ್ನ ರೇಷ್ಮೆಗೆ ಬನ್ನಿನ ವಾಸನೆ.
ಮಡಿಕೆಗೆ ಐದು ಕಾಳು ಕರಿಮೆಣಸು, ನುಸಿ ಬಾರದಿರಲಿ ಅಂತ.
ಒಮ್ಮೊಮ್ಮೆ ಕಚೇರಿಯಲ್ಲಿ ನೆರಿಗೆಯಿಂದೊಂದು ಕಾಳು ಜಾರಿ
ಮ್ಯಾನೇಜರರ ಬೂಟಿನ ತನಕ ಉರುಳಿದ್ದುಂಟು.

ಕನ್ನಡಿಯ ಮುಂದೆ ಹಳೆಯ ಪೌಡರ್ ಡಬ್ಬಿ.
ಪೌಡರಿಲ್ಲ, ಗುಂಡಿಗಳಿವೆ.
ಬಾಗಿಲು ಹಾಕಿದ ಫೋಟೋ ಸ್ಟುಡಿಯೋದಿಂದ
ತೂಕಕ್ಕೆ ಕೊಂಡ ಪರದೆ ಒಂದಿದೆ:
ಮಾಸಿದ ತಾವರೆಕೊಳ, ಎರಡು ಹಂಸ, ಒಂದಕ್ಕೆ ಕತ್ತಿಲ್ಲ.
ಈಗದು ಒಲೆಗೂ ಮಂಚಕ್ಕೂ ನಡುವಿನ ಗೋಡೆ.
ಸಾರು ಕುದ್ದರೆ ಕೊಳಕ್ಕೆ ಮಂಜು ಕವಿಯುತ್ತದೆ.

ದೊಡ್ಡಟ್ಟಿ ಚೌಕಿಯ ಹಿಂದೆ ಉಸ್ಮಾನ್‌ಕುಟ್ಟಿಯವರ ಅಂಗಡಿ.
ಅವರಪ್ಪ ಬಿಟ್ಟುಹೋದದ್ದು ಒಂದು ಕಾಲ್ಮೆಷಿನ್ನು,
ಒಂದು ಥರದ ಕೆಮ್ಮು,
ಅಳತೆ ಬರೆದ ಹದಿನಾಲ್ಕು ಪುಸ್ತಕ.
"ಆ ಕಾಲದ ಹೊಲಿಗೆ ಬೇಕಂದ್ರೆ
ಆ ಕಾಲದ ಮೈಗಳನ್ನ ನೋಡಿ,"
ಧೂಳು ಬಡಿದು ಮುಂದೆ ಹಾಕಿದರು.

ಅರವತ್ತೇಳು. ಅಂಚನ್ನು ಹುಳ ತಿಂದ ಪುಟ.
ನರ್ಸ್ ಸೀತವ್ವ, ಅಮ್ಮತ್ತಿ.
ಎದೆ ಮೂವತ್ತನಾಲ್ಕು. ಸೊಂಟ ಇಪ್ಪತ್ತೊಂಬತ್ತು.
ತೋಳು ಮೊಣಕೈ ದಾಟಿ ಎರಡು ಬೆರಳು.
ಬಲ ಹೆಗಲು ಅರ್ಧ ಇಂಚು ಕೆಳಗೆ.
ಬೆನ್ನಿಗೆ ಗುಂಡಿ, ಹನ್ನೊಂದು.
ಬಾಕಿ ಎರಡೂಕಾಲು ರೂಪಾಯಿ.

ನನ್ನ ಬಲ ಹೆಗಲನ್ನು ಈವರೆಗೆ
ಯಾವ ಟೈಲರೂ ನಂಬಿದ್ದಿಲ್ಲ.
ನೆಟ್ಟಗೆ ನಿಲ್ಲಿ, ಅನ್ನುತ್ತಿದ್ದರು.
ನಿಂತೇ ಇದ್ದೆ.

"ರವಿಕೆ ಒಯ್ದಳಾ ಇವಳು?"
"ಒಯ್ದಿದ್ರೆ ಗೀಟು ಹೊಡೀತಿದ್ರು.
ಒಯ್ಯದಿದ್ರೂ ವರ್ಷದ ಕೊನೆಗೆ ಹೊಡೀತಿದ್ರು.
ಇಲ್ಲಿ ಗೀಟೇ ಇಲ್ಲ ನೋಡಿ."
ಪರ್ಸಿನಿಂದ ಮೂರು ರೂಪಾಯಿ ತೆಗೆದಿಟ್ಟೆ.
"ಮುಕ್ಕಾಲು ರೂಪಾಯಿ ಚಿಲ್ಲರೆ ಎಲ್ಲಿಂದ ತರ್ಲಿ ನಾನು?"
ನಾಣ್ಯಗಳನ್ನು ನನ್ನತ್ತಲೇ ಸರಿಸಿ,
ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿ,
ಅವಳ ಕೆಳಗೆ ಐವತ್ತೆಂಟು ವರ್ಷ ಖಾಲಿಯಿದ್ದ ಸಾಲಿನಲ್ಲಿ
ಬರೆದರು: ಚೋಂದಮ್ಮ, ಎಲ್ಲೈಸಿ.
ಅಂಕಿ ಬರೆಯಲಿಲ್ಲ.
ಎದೆಯ ಕೆಳಗೆ ಎರಡು ಸಣ್ಣ ಗೀರು, ಸೊಂಟದ ಕೆಳಗೆ ಎರಡು,
ಟಾಕಿ ಹಾಕಿದ ಹಾಗೆ.
ಮೇಲಿನಂತೆ. ಮೇಲಿನಂತೆ.
ಹೆಗಲಿನ ಹತ್ತಿರ ಒಮ್ಮೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ,
ಮೇಲಿನಂತೆ.
ಬಾಕಿಯ ಜಾಗ ಹಾಗೇ ಬಿಟ್ಟರು.

ಹಾಗಲಕಾಯಿ ಹಸಿರಿನ ರವಿಕೆ ಬಂದಿದೆ.
ಮೈಗೆ ಕೂತಿದೆ, ಯಾರೋ ಆಗಲೇ ತೊಟ್ಟು
ಸಡಿಲಿಸಿಟ್ಟ ಹಾಗೆ.
ಹನ್ನೊಂದರಲ್ಲಿ ಏಳು ಗುಂಡಿ ನನ್ನ ಕೈಗೆ ಸಿಗುತ್ತವೆ.
ಬೆನ್ನಿನ ನಡುವಿನ ನಾಲ್ಕಕ್ಕೆ
ಬೇಕರಿಯ ಲವೀನಾ ಮೆಟ್ಟಿಲೇರಿ ಬರಬೇಕು,
ಯೂನಿಫಾರ್ಮಿನಲ್ಲಿ, ಬೆರಳಲ್ಲಿ ಮೈದಾ.
ಅಮ್ಮತ್ತಿಯಲ್ಲಿ, ಬೆಳಗಿನ ಪಾಳಿಗೆ ಮೊದಲು,
ಈ ನಾಲ್ಕನ್ನು ಯಾರು ಹಾಕುತ್ತಿದ್ದರೋ.

"ಉಸಿರು ಬಿಡಬೇಡಿ ಆಂಟಿ. ಹ್ಞಾಂ, ಆಯ್ತು.
ನಾಳೆ ನಾನು ಬರಲ್ಲ, ಟೆಸ್ಟಿದೆ."
ಆಗಲಿ ಮಗೂ.
ನಾಳೆ, ಮುಂದೆ ಗುಂಡಿ ಇರುವುದು.