ಬುಧವಾರ ಸಂಜೆ, ಗ್ರಿಮ್ಸ್‌ಬಿ

ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ ಬರುತ್ತಾರೆ,
ಬಿಳಿ ಗಂಬೂಟು ಮೆಟ್ಟಿಲ ಬಳಿ ಬಿಟ್ಟು,
ಎಷ್ಟು ತೊಳೆದರೂ ಬೆರಳು ಬಿಡದ ಹ್ಯಾಡಕ್ ವಾಸನೆಯ ಜೊತೆ.
ಗ್ರಂಥಾಲಯದ ಮೇಲಂತಸ್ತು. ಏಳು ಕುರ್ಚಿ,
ಕೆಮ್ಮುವ ಹೀಟರು,
ಬರೆಯುತ್ತಿರುವಾಗಲೇ ಸಾಯುವ ಮಾರ್ಕರು.
ಕಲಿಸುವವಳು ನಾನು:
ಮೂವತ್ತೊಂದು ವರ್ಷ ಬಂದರಿನ ಕಚೇರಿಯಲ್ಲಿ
ಹಡಗುಗಳ ಹೊರೆ ಲೆಕ್ಕ ಬರೆದವಳು.
ವ್ಯಾಕರಣ ನನಗೆ ಬಂದದ್ದು ನಿವೃತ್ತಿಯಾದ ಮೇಲೆ,
ಮಂಡಿನೋವಿನ ಜೊತೆಜೊತೆಗೇ.

ಇವತ್ತು 'ಟು'.
ಗುಂಡುಸೂಜಿಯಷ್ಟು ಪದ.
ಅದರ ಬೆನ್ನಿಗೆ ಬರುವ ಕ್ರಿಯಾಪದಕ್ಕೆ
ನಿನ್ನೆಯಿಲ್ಲ, ನಾಳೆಯಿಲ್ಲ, ನಾನಿಲ್ಲ, ನೀನಿಲ್ಲ;
ಮಾಡುವವರು ಯಾರಪ್ಪಾ ಎಂದರೆ ಬಾಯಿ ಬಿಡುವುದಿಲ್ಲ.
ಪಕ್ಕದಲ್ಲಿ ಕೂತ ಗುಣವಾಚಕವನ್ನು ವಿಚಾರಿಸಬೇಕು.

ಬೋರ್ಡಿನ ಮೇಲೆ ಬರೆದೆ:
ರಿಮಾಂಟಸ್ ಈಸ್ ರೆಡಿ ಟು ಈಟ್.
ಅದರ ಕೆಳಗೆ:
ದ ಫಿಶ್ ಈಸ್ ರೆಡಿ ಟು ಈಟ್.
"ಮೀನು ಯಾರನ್ನು ತಿನ್ನುತ್ತದೆ, ಮಿಸೆಸ್ ಕಾಪ್ಸಿ?"
ರಿಮಾಂಟಸ್ ಕೇಳಿದ. ಹದಿನಾಲ್ಕು ವರ್ಷ ಚಾಕು ಹಿಡಿದವನು;
ಮೀನಿನ ಪರ ವಾದಿಸುವ ಹಕ್ಕು
ಈ ಊರಲ್ಲಿ ಅವನಿಗಲ್ಲದೆ ಇನ್ನಾರಿಗೆ?
ಒಬ್ಬ ತಿನ್ನಲು ತಯಾರು, ಒಂದು ತಿನ್ನಲು ತಯಾರು,
ಇಬ್ಬರ ನಡುವೆ ಒಂದು ತಟ್ಟೆ.
ವಾಕ್ಯಕ್ಕೆ ಮಾತ್ರ ಯಾವ ಮುಲಾಜೂ ಇಲ್ಲ.

ಹಾಗೆಯೇ ಫೋರ್‌ಮನ್: ಮೆಚ್ಚಿಸಲು ಕಷ್ಟ.
ಕ್ಷೌರದಂಗಡಿಯ ಶಿರ್ಕೊ: ಮೆಚ್ಚಿಸಲು ಕಾತರ.
'ಮೆಚ್ಚಿಸಲು' ಅದೇ, ಎರಡಕ್ಷರ ಬದಲಿಲ್ಲ,
ಆದರೆ ಒಬ್ಬ ಕುರ್ಚಿಯಲ್ಲಿ ಕೂತಿದ್ದಾನೆ,
ಒಬ್ಬ ಹಿಂದೆ ಕತ್ತರಿ ಹಿಡಿದು ನಿಂತಿದ್ದಾನೆ.
ಶಿರ್ಕೊ ಇದನ್ನು ಬರೆದುಕೊಂಡ, ಅಡಿಗೆರೆ ಎಳೆದ.

ಮೂರು ತಿಂಗಳಿಂದ ಹಿಂದಿನ ಸಾಲಲ್ಲಿ ಮಾತಿಲ್ಲದೆ ಕೂತ
ಲೆಟೆಬ್ರಹಾನ್ ಇವತ್ತು ಎದ್ದು ಬಂದಳು.
ಚೀಲದಿಂದ ಒಂದು ಕಾರ್ಡು, ಮೇಲೆ ಹಳದಿ ಹೂವು,
ಒಳಗೆ ಪೆನ್ಸಿಲಿನಲ್ಲಿ, ಪಕ್ಕದ ಮನೆಯ ಮಿಸ್ಟರ್ ಲೀಮಿಂಗ್‌ಗೆ:
ಇಟ್ ವಾಸ್ ಗುಡ್ ಫಾರ್ ಯು ಟು ಕಮ್.

ಕೆಂಪು ಪೆನ್ನು ತಾನಾಗಿಯೇ ಏಳುತ್ತದೆ, ಅಭ್ಯಾಸ.
'ಫಾರ್' ಅಲ್ಲಮ್ಮ, 'ಆಫ್'.
ಆಫ್ ಎಂದರೆ ಒಳ್ಳೆಯತನ ಅವರದು,
ಬಂದದ್ದು ಅದಕ್ಕೆ ರುಜು.
ಫಾರ್ ಎಂದರೆ, ಬಂದದ್ದರಿಂದ ಅವರಿಗೇ ಒಳ್ಳೆಯದಾಯಿತು
ಎಂದಂತೆ. ಔಷಧಿಯ ಚೀಟಿಯ ಮಾತು ಅದು.

ಅವಳು ಕಾರ್ಡು ನೋಡಿದಳು. ನನ್ನನ್ನು ನೋಡಿದಳು.
ಒಂದೊಂದೇ ಪದ ತೂಗಿ ಇಟ್ಟಳು:
ಅವತ್ತು ಮಗಳಿಗೆ ಉಬ್ಬಸ. ರಾತ್ರಿ ಹನ್ನೊಂದು.
ಅವರು ಕಾರು ತಂದರು, ಆಸ್ಪತ್ರೆ, ವಾಪಸು.
ಮಗು ಮಲಗಿತು. ನಾನು ಕಾಫಿ ಬೀಜ ಹುರಿದೆ,
ನಮ್ಮಲ್ಲಿ ಮೂರು ಸುತ್ತು ಕುಡಿಯಬೇಕು.
ಹೆಂಡತಿ ತೀರಿಕೊಂಡ ಮೇಲೆ
ಅವಳ ಹೆಸರನ್ನು ಬಾಯಿಬಿಟ್ಟು ಹೇಳಿದ್ದೇ ಅವತ್ತಂತೆ.
ನಾಲ್ಕು ಗಂಟೆಯಾದರೂ ಏಳಲಿಲ್ಲ.
ಅಳು, ನಗು, ಮತ್ತೆ ಅಳು.
ನಾನು 'ಫಾರ್' ಎಂದೇ ಬರೆದದ್ದು.

ಹೀಟರು ಕೆಮ್ಮಿತು.
ಪೆನ್ನಿನ ಗೆರೆ ಫಾ ಮೇಲೆ ಶುರುವಾಗಿ
ಅಲ್ಲೇ ನಿಂತಿತ್ತು, ಕಾರ್ಡಿನ ಮೇಲೆ ಒಂದು ಕೆಂಪು ಗೀರು.
ರಬ್ಬರಿನಿಂದ ಉಜ್ಜಿದೆ; ಶಾಯಿ, ಹೋಗಲಿಲ್ಲ.
ಪರವಾಗಿಲ್ಲ, ಅಲ್ಲೊಂದು ಹೂ ಬರೆಯುತ್ತೇನೆ, ಎಂದಳು.

ಒಂಬತ್ತಕ್ಕೆ ಬೀಗ. ಬಸ್ ನಿಲ್ದಾಣದಲ್ಲಿ ಸಮುದ್ರದ ಗಾಳಿ.
ರಿಮಾಂಟಸ್ ಬಸ್ಸಿನ ಮೆಟ್ಟಿಲೇರಿ ತಿರುಗಿದ,
ಇಟ್ ಈಸ್ ಗುಡ್, ಮಿಸೆಸ್ ಕಾಪ್ಸಿ, ಎಂದವನೇ ಇನ್ನೇನೋ ಸೇರಿಸಿದ,
ಬಾಗಿಲು ಮುಚ್ಚಿಕೊಂಡಿತು.
ಆಫೋ ಫಾರೋ ಕೇಳಿಸಲಿಲ್ಲ.

ಮನೆಗೆ ಬಂದು ಕೈಗವಸು ಬಿಚ್ಚಿದೆ,
ಕೆಟಲಿಗೆ ನೀರು ಹಿಡಿದೆ.
ಬೆರಳು ಮೂಗಿನ ಹತ್ತಿರ ಬಂದಾಗ,
ಕಾರ್ಡು ಹಿಡಿದಿದ್ದೆನಲ್ಲ,
ಮೀನು.